ಅಡ್ವಟೇಜು ಮುಗೀಲಿ, ಎದ್ದ್ ಬತ್ತಾನೆ

ರಾಮನಗರದ ಕೂಟಗಲ್ ಹೋಬಳಿಯಲ್ಲಿ ರಾತ್ರಿ ಏಳರಿಂದ ಹತ್ತರ ನಡುವೆ ಸತ್ತವರು ಯಾರೂ ಪೂರ್ತಿ ಸತ್ತಿಲ್ಲ. ಹಾಲಿನಲ್ಲಿ ವಿಷ ಕುಡಿದವರು, ಎದೆಗೆ ಗುಂಡು ತಿಂದವರು, ಬ್ರೇಕ್ ಕಿತ್ತ ಕಾರಿನಲ್ಲಿ ಕಣಿವೆಗೆ ಇಳಿದವರು, ಎಲ್ಲರೂ ಒಂದಷ್ಟು ದಿನ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿ, ಗುರುವಾರದ ಟಿಆರ್‌ಪಿ ಪಟ್ಟಿ ನೋಡಿಕೊಂಡು ಸೋಮವಾರ ಕಣ್ಣು ಬಿಟ್ಟಿದ್ದಾರೆ. ಆಚೆ ರಾಮದೇವರ ಬೆಟ್ಟವನ್ನು 2012ರಲ್ಲಿ ಸರ್ಕಾರ ರಣಹದ್ದುಗಳ ಧಾಮವೆಂದು ಘೋಷಿಸಿತು. ಹದ್ದುಗಳ ಸಂತತಿ ಕುಸಿದದ್ದು ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯಿಂದ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಆ ಔಷಧಿ ಹುಟ್ಟದೇ ಇದ್ದರೂ, ನಮ್ಮ ಧಾರಾವಾಹಿಗಳನ್ನು ನಂಬಿ ಕೂತಿದ್ದರೆ ಆ ಪಕ್ಷಿಗಳು ಹಸಿವಿನಿಂದಲೇ ಹೋಗುತ್ತಿದ್ದವು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಟೀವಿ ನೋಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಅವರು ಟೀವಿಯ ಕಡೆ ಮುಖ ಮಾಡುವುದಿಲ್ಲ. ಬಾಗಿಲ ಬಳಿ ಕೂತು ಮಾಗಡಿ ಸೀಮೆಯ ಅವರೆಕಾಯಿ ಸುಲಿಯುತ್ತಿರುತ್ತಾರೆ, ಬೆನ್ನ ಹಿಂದೆ ಟೀವಿ ಕೂಗುತ್ತಿರುತ್ತದೆ. ನಾಯಕ ಕುಸಿದು ಬಿದ್ದ, ಅವನ ತಾಯಿ ಚೀರಿದಳು, ಸಿಡಿಲು ಮೂರು ಸಲ ಬಡಿಯಿತು, ಮನೆಯವರೆಲ್ಲರ ಮುಖ ಒಂದೊಂದಾಗಿ ದೊಡ್ಡದಾಗಿ ಬಂತು. ಸೊಸೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಅಜ್ಜಿ ತಿರುಗಲಿಲ್ಲ. "ಸಾಯಾಕಿಲ್ಲ ಬುಡವ್ವ. ಅಡ್ವಟೇಜು ಮುಗೀಲಿ, ಎದ್ದ್ ಬತ್ತಾನೆ." ಸೋಪು, ಚಿನ್ನದ ಸಾಲ, ಮಂಡಿನೋವಿನ ಎಣ್ಣೆ ಎಲ್ಲ ಆದ ಮೇಲೆ ಅವನು ಎದ್ದು ಬಂದ.

ಕನ್ನಡ ಟೀವಿಯಲ್ಲಿ ಸೂಪರ್‌ಹೀರೊ ಇಲ್ಲ ಎಂದು ಕೊರಗುವ ಹುಡುಗರು ಪುಟ್ಟಗೌರಿಯನ್ನು ಮರೆತಿದ್ದಾರೆ. 2012ರಲ್ಲಿ ಆಗಿನ ಈಟೀವಿ ಕನ್ನಡದಲ್ಲಿ, ಹಿಂದಿಯ 'ಬಾಲಿಕಾ ವಧು'ವಿನ ಕನ್ನಡ ರೂಪವಾಗಿ ಶುರುವಾದ 'ಪುಟ್ಟಗೌರಿ ಮದುವೆ' ಬಾಲ್ಯವಿವಾಹದ ವಿರುದ್ಧದ ಕಥೆ. ವಾಹಿನಿಯ ಹೆಸರು ಕಲರ್ಸ್ ಕನ್ನಡ ಆಯಿತು, ಗೌರಿ ದೊಡ್ಡವಳಾದಳು, ಪಿಡುಗು ಹಳೆಯದಾಯಿತು. 2018ರ ಹೊತ್ತಿಗೆ ಅವಳು ಬೆಟ್ಟದಿಂದ ಬಿದ್ದು ಬದುಕಿ, ಕಾಡಿನಲ್ಲಿ ಹುಲಿಯ ಎದುರು ನಿಂತಿದ್ದಳು. ಸಮಾಜ ಸುಧಾರಣೆ ಇಷ್ಟು ದೂರ ಬರುತ್ತದೆ ಎಂದು ರಾಜಾ ರಾಮಮೋಹನ ರಾಯರೂ ಅಂದುಕೊಂಡಿರಲಾರರು. ಟ್ರೋಲ್ ಪೇಜಿನವರಿಗೆ ಹಬ್ಬವಾಯಿತು; ಆದರೆ ಟ್ರೋಲ್ ಮಾಡುವುದಕ್ಕಾದರೂ ನೋಡಲೇಬೇಕಲ್ಲ. ಹುಲಿಗೆ ಮಾತ್ರ ಮೊದಲೇ ಗೊತ್ತಿತ್ತು, ಈಕೆಯನ್ನು ತಿಂದರೆ ನಾಳೆಯಿಂದ ಏಳೂವರೆಗೆ ತನ್ನನ್ನು ಯಾರೂ ನೋಡುವುದಿಲ್ಲ ಎಂದು.

ಅದಕ್ಕೂ ಎರಡು ವರ್ಷ ಮುಂಚೆ, 2016ರಲ್ಲಿ, ಜೀ ಕನ್ನಡದಲ್ಲಿ 'ನಾಗಿಣಿ' ಬಂತು. ಮನೆಗೆ ಬಂದ ಸೊಸೆ ವಾಸ್ತವದಲ್ಲಿ ಹಾವು ಎಂಬುದು ಇದರ ಮಹಾರಹಸ್ಯ. ಆ ರಹಸ್ಯವನ್ನು ಶೀರ್ಷಿಕೆಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು, ಸುತ್ತ ಹೆಡೆ ಬಿಡಿಸಿ, ದಿನಾ ತೋರಿಸುತ್ತಿದ್ದರು. ನೋಡುವವರಿಗೆಲ್ಲ ಗೊತ್ತು, ಬಸ್‌ಸ್ಟಾಂಡಿನ ಪೋಸ್ಟರಿಗೆ ಗೊತ್ತು, ನಡುವೆ ಬಂದು ಹೋಗುವ ಸೋಪಿನ ಜಾಹೀರಾತಿಗೂ ಗೊತ್ತು. ಮಗ್ಗುಲಲ್ಲಿ ಮಲಗುವ ಗಂಡನಿಗೊಬ್ಬನಿಗೆ ಗೊತ್ತಿಲ್ಲ. ಅವನಿಗೆ ಗೊತ್ತಾಗುವ ಸಂಜೆಗಾಗಿ ರಾಜ್ಯ ತಿಂಗಳುಗಟ್ಟಲೆ ಕಾದಿತು. 2020ರಲ್ಲಿ ಎರಡನೇ ಭಾಗವೂ ಬಂತು. ಹೊಸ ಮನೆ, ಹೊಸ ಗಂಡ, ಅದೇ ಅಜ್ಞಾನ.

ಇದನ್ನು ಕನ್ನಡದವರ ದಡ್ಡತನ ಎಂದು ಹಂಗಿಸಲು ಮೂಗು ಎತ್ತಿಕೊಂಡು ಬರುವವರಿದ್ದಾರೆ. ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದ ಮೊಮ್ಮಗ ಅಂಥವನು. ಅವನು ನೋಡುವುದು ಇಂಗ್ಲಿಷಿನ 'ದಿ ಫ್ಲ್ಯಾಶ್'. 2014ರಿಂದ 2023ರವರೆಗೆ ಒಂಬತ್ತು ಸೀಸನ್ ಓಡಿದ ಅಮೆರಿಕದ ಧಾರಾವಾಹಿ. ಸಿಡಿಲು ಬಡಿದು ಮಿಂಚಿನ ವೇಗ ಪಡೆದ ಬ್ಯಾರಿ ಆಲನ್ ಎಂಬ ಹುಡುಗನ ಕಥೆ. (ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ ಯಾರಿಂದ ಬಂತೋ ಆ ದೊರೆಯ ಹೆಸರೂ ಬ್ಯಾರಿಯೇ, ಬ್ಯಾರಿ ಕ್ಲೋಸ್. ಅವನಿಗೆ ಸಿಡಿಲು ಬಡಿದ ದಾಖಲೆ ಇಲ್ಲ.) ಬ್ಯಾರಿಯ ತಾಯಿಯನ್ನು ಕೊಂದ, ಅವನಷ್ಟೇ ವೇಗವಾಗಿ ಓಡುವ ಖಳ ಯಾರು ಎಂಬುದು ಮೊದಲ ಸೀಸನ್ನಿನ ಗುಟ್ಟು. ಮೊಮ್ಮಗ ರಾತ್ರಿ ಊಟದ ಹೊತ್ತಿನಲ್ಲಿ ಕಥೆ ಹೇಳತೊಡಗಿದ: ಬ್ಯಾರಿಗೆ ಒಬ್ಬ ಪೊಲೀಸ್ ಸಾಕುತಂದೆ, ಅವನ ಮಗಳು, ಪ್ರಯೋಗಾಲಯದಲ್ಲಿ ಇಬ್ಬರು ಗೆಳೆಯರು, ಮತ್ತೆ ಅವನಿಗೆ ಓಟ ಕಲಿಸುವ ಒಬ್ಬ ದೊಡ್ಡ ವಿಜ್ಞಾನಿ, ಪಾಪ, ಅಪಘಾತದಲ್ಲಿ ಕಾಲು ಹೋಗಿ ಗಾಲಿಕುರ್ಚಿಯ ಮೇಲೆ...

"ಅವ್ನೇ ಕಣ್ಲಾ," ಎಂದರು ಅಜ್ಜಿ.

ಮೊಮ್ಮಗನ ಕೈಯಲ್ಲಿದ್ದ ಮುದ್ದೆ ಸಾರಿಗೆ ಬಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅಜ್ಜಿಗೇ ಆಶ್ಚರ್ಯ. "ಓಡೋರ ಕತೇಲಿ ಒಬ್ಬುನ್ನ ಕುಂಡ್ರುಸವ್ರೆ ಅಂದ್ರೆ ಯಾತುಕ್ಕೆ? ಅವ್ನು ಎದ್ದು ಓಡ್ಲಿ ಅಂತ್ಲೇಯ."

ಹಾರ್ವರ್ಡಿನವರು ಇದಕ್ಕೆ ಬೇರೆ ಹೆಸರು ಇಟ್ಟಿರಬಹುದು. ಎರಡನೇ ಸೀಸನ್ನಿನಲ್ಲಿ ಬೇರೆ ಲೋಕದಿಂದ ಬಂದು ಬ್ಯಾರಿಗೆ ನೆರವಾಗುವ ಜೇ ಗ್ಯಾರಿಕ್ ಎಂಬ ಸಜ್ಜನನೇ ಜೂಮ್ ಎಂಬ ಖಳ. ಮೂರನೆಯದರಲ್ಲಿ ಸಾವಿಟರ್ ಎಂಬ ಉಕ್ಕಿನ ಕವಚದ ದೇವತೆ. ಕವಚ ತೆಗೆದರೆ ಭವಿಷ್ಯದಿಂದ ಬಂದ ಬ್ಯಾರಿಯೇ. ಮೂರು ವರ್ಷ, ಮೂವರು ಓಟಗಾರ ಖಳರು, ಮೂವರೂ ಮನೆಯೊಳಗಿನವರು. ಆ ಹುಡುಗನ ಎದುರೇ ನಿಂತು ಕಾಫಿ ಕುಡಿದವರು, ಅಥವಾ ಅವನೇ. ಪ್ರತಿ ಸಲವೂ ಅವನ ಬಳಗದವರು ಬಾಯಿ ತೆರೆದು ನಿಂತರು. ಸೆಕೆಂಡಿಗೆ ಊರು ಸುತ್ತಿ ಬರುವ ಹುಡುಗನಿಗೆ ತನ್ನ ಮುಂದಿನ ಕುರ್ಚಿಯಲ್ಲಿ ಕೂತವನನ್ನು ಗುರುತಿಸಲು ಸೀಸನ್ನಿನ ಬಹುಪಾಲು ಬೇಕಾಯಿತು. ನಮ್ಮ ನಾಗಿಣಿಯ ಗಂಡನೇ ವಾಸಿ, ಅವನಿಗೆ ಸೂಪರ್ ಪವರ್ ಇರಲಿಲ್ಲ.

2019ರ ಡಿಸೆಂಬರಿನಲ್ಲಿ ಶುರುವಾಗಿ 2020ರ ಜನವರಿಯಲ್ಲಿ ಮುಗಿದ ಐದು ಧಾರಾವಾಹಿಗಳ ಒಂದು ಮಹಾಕೂಟದ ಬಗ್ಗೆ ಮೊಮ್ಮಗ ಕಣ್ಣರಳಿಸಿ ಹೇಳಿದ. ಅನಂತ ಭೂಮಿಗಳ ಸಂಕಟವಂತೆ. ಸೂಪರ್‌ಗರ್ಲ್ ಬಂದಳಂತೆ, ಬ್ಯಾಟ್‌ವುಮನ್ ಬಂದಳಂತೆ, ಬಿಲ್ಲುಗಾರ ಬಂದನಂತೆ. ಸೊಸೆ ಪಾತ್ರೆ ತೊಳೆಯುತ್ತಲೇ ಅಂದಳು: "ಮಹಾಸಂಗಮ." ಹೌದು. ಎರಡು ಧಾರಾವಾಹಿಯ ಮನೆಯವರು ಒಂದು ಮದುವೆಮನೆಯಲ್ಲಿ ಸೇರಿ, ಅಲ್ಲಿ ತಾಳಿ ಕಳೆದು, ಅದು ಸಿಗುವವರೆಗೆ ಒಂದೊಂದು ಗಂಟೆ ತಿನ್ನುವ ನಮ್ಮ ಮಹಾಸಂಗಮವೇ ಅದು. ಅವರಲ್ಲಿ ಕಳೆದದ್ದು ವಿಶ್ವ, ನಮ್ಮಲ್ಲಿ ತಾಳಿ. ಎರಡೂ ಕೊನೆಗೆ ಸಿಕ್ಕವು.

ಅಜ್ಜಿಯ ಮಗ ಇದೆಲ್ಲದರ ಮೊದಲ ತಲೆಮಾರಿನವನು. ಅವನಿಗೆ ಸೂಪರ್‌ಹೀರೊ ಎಂದರೆ ಒಬ್ಬನೇ, 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ಗಿರಗಿರ ತಿರುಗುತ್ತ ಬಂದ ಶಕ್ತಿಮಾನ್. ಆಗ ಕನ್ನಡದಲ್ಲಿ ಡಬ್ಬಿಂಗ್ ನಿಷಿದ್ಧ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ಆದೇಶ ಕೊಡುವವರೆಗೂ ಹೊರಗಿನ ಹೀರೊಗಳು ಇಲ್ಲಿ ಅವರವರ ಭಾಷೆಯಲ್ಲೇ ಲೋಕ ಉಳಿಸಬೇಕಿತ್ತು. ಊರಿನ ಹುಡುಗರಲ್ಲಿ ಹಿಂದಿ ಬರುತ್ತಿದ್ದವರು ಬಹಳ ಕಡಿಮೆ. ಆದರೂ ಭಾನುವಾರ ಮಧ್ಯಾಹ್ನ ಟೀವಿ ಇದ್ದ ಮನೆಯ ಜಗಲಿ ತುಂಬುತ್ತಿತ್ತು, ಒಬ್ಬನಿಗೂ ಕಥೆ ತಪ್ಪುತ್ತಿರಲಿಲ್ಲ. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವ ಕಥೆಗೆ ಭಾಷೆಯ ಹಂಗಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕೆ ತ್ರಿಭಾಷಾ ಸೂತ್ರ ಮಾಡಲಾಗದ್ದನ್ನು ಕಿಲ್ವಿಷ್ ಎಂಬ ಖಳನ ಗಹಗಹಿಸುವ ನಗು ಮಾಡಿತು.

ಶಕ್ತಿಮಾನ್ ಉಳಿದ ಹೊತ್ತಿನಲ್ಲಿ ಗಂಗಾಧರ ಎಂಬ ಪತ್ರಿಕಾ ಛಾಯಾಗ್ರಾಹಕ. ಉಬ್ಬು ಹಲ್ಲು, ದಪ್ಪ ಕನ್ನಡಕ, ಅಷ್ಟೇ ವೇಷ. ಜೊತೆಯಲ್ಲೇ ಕೆಲಸ ಮಾಡುವ ವರದಿಗಾರ್ತಿ ಗೀತಾಳಿಗೆ ಗುರುತು ಸಿಗುವುದಿಲ್ಲ. 1938ರಲ್ಲಿ ಅಮೆರಿಕದವರು ಸೂಪರ್‌ಮ್ಯಾನನಿಗೆ ತೊಡಿಸಿದ ಕನ್ನಡಕ ಅದು, ಸಮುದ್ರ ದಾಟಿ ಬಂದಿದ್ದರೂ ನಂಬರು ಬದಲಾಗಿರಲಿಲ್ಲ. ಆ ಕಾಲದಲ್ಲಿ ಅಜ್ಜಿ ಇನ್ನೂ ಅಜ್ಜಿಯಾಗಿರಲಿಲ್ಲ, ಆದರೂ ಕೇಳಿದ್ದರಂತೆ: "ಅವ್ನ್ ಕನ್ನಡ್ಕ ತಗುದ್ರೆ ಅವ್ಳಿಗೆ ಗುರ್ತು ಸಿಗಾಕಿಲ್ವಾ? ನನ್ ಕನ್ನಡ್ಕ ತಗುದ್ರೂ ನಂಗೆ ಸಿಕ್ತದೆ."

ಮುಖದ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ಧಾರಾವಾಹಿಯಲ್ಲಿ ನಟ ಹೊರಟುಹೋದರೆ ಪಾತ್ರಕ್ಕೆ ಅಪಘಾತವಾಗುತ್ತದೆ, ಬೆಂಕಿ ಹತ್ತುತ್ತದೆ, ಪ್ಲಾಸ್ಟಿಕ್ ಸರ್ಜರಿ ಆಗುತ್ತದೆ, ಪಟ್ಟಿ ಬಿಚ್ಚಿದಾಗ ಕನ್ನಡಿಯಲ್ಲಿ ಇನ್ನೊಬ್ಬ ನಟ ಇರುತ್ತಾನೆ. 2022ರಲ್ಲಿ 'ಜೊತೆಜೊತೆಯಲಿ'ಯಿಂದ ಅನಿರುದ್ಧ್ ಹೊರಗೆ ಹೋಗಿ ಹರೀಶ್ ರಾಜ್ ಒಳಗೆ ಬಂದಾಗ ಕಥೆಯೇ ಮುಖ ಬದಲಿಸಿಕೊಂಡಿತು. ನಮ್ಮ ಹೋಬಳಿಯವರಿಗೆ ಇದು ಹೊಸತಲ್ಲ. ರೇಷ್ಮೆ ಹುಳಕ್ಕೂ ಹೀಗೆ ನಾಲ್ಕು ಜ್ವರ ಬರುತ್ತದೆ. ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಒಂದು ದಿನ ನಿಂತು ಹಳೆಯ ಚರ್ಮ ಕಳಚಿ ಹೊಸ ಚರ್ಮದಲ್ಲಿ ಏಳುತ್ತದೆ. ವ್ಯತ್ಯಾಸ ಒಂದೇ. ಹುಳ ಪ್ರತಿ ಜ್ವರದ ಮೇಲೂ ಒಂದಿಷ್ಟು ಬೆಳೆದಿರುತ್ತದೆ, ನಾಲ್ಕರ ಮೇಲೆ ಐದನೆಯದನ್ನು ಬರಿಸಿಕೊಳ್ಳುವುದಿಲ್ಲ, ಹಣ್ಣಾಗಿ ಚಂದ್ರಿಕೆ ಹತ್ತಿ ಗೂಡು ಕಟ್ಟಿ ಕಥೆ ಮುಗಿಸುತ್ತದೆ. ಧಾರಾವಾಹಿಗೆ ಎಷ್ಟು ಜ್ವರ ಬಂದರೂ ಹಣ್ಣಾಗುವುದಿಲ್ಲ. ಅಲ್ಲದೆ ಹುಳದ ಕಥೆಯಲ್ಲಿ ಎಲ್ಲ ಗೊತ್ತಿದ್ದೂ ಕೊನೆಯ ಬೆಳಗ್ಗೆ ಒಂದು ನಿಜವಾದ ಕುತೂಹಲ ಉಳಿದಿರುತ್ತದೆ: ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡಿನ ರೇಟು. ಅಲ್ಲಿ ಹಿನ್ನೆಲೆ ಸಂಗೀತ ಹಾಕುವುದಿಲ್ಲ, ರೈತನ ಎದೆಯೇ ಸಾಕು.

ಬರೆಯುವವರನ್ನು ಬೈಯುವುದು ಸುಲಭ. ಬೈಯುವ ಮುಂಚೆ ಲೆಕ್ಕ ಹಾಕಿ. 'ದಿ ಫ್ಲ್ಯಾಶ್' ಮೊದಲ ಸೀಸನ್ನಿಗೆ 23 ಕಂತು. ಅದನ್ನು ಬರೆಯಲು ಒಂದು ಕೋಣೆ ತುಂಬ ಜನ, ಮೇಜಿನ ತುಂಬ ಕಾಫಿ, ಕೈಯಲ್ಲಿ ಒಂದು ವರ್ಷ. ನಮ್ಮಲ್ಲಿ ವಾರಕ್ಕೆ ಐದರಂತೆ ವರ್ಷಕ್ಕೆ 260 ಕಂತು. ಬೆಳಗ್ಗೆ ಬರೆದದ್ದನ್ನು ಮಧ್ಯಾಹ್ನ ನಟಿಸಿ, ಆ ವಾರವೇ ಬಿಡಬೇಕು. ದೇಶದಾದ್ಯಂತ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಬಾರ್ಕ್ ಸಂಸ್ಥೆಯವರು ಇಟ್ಟಿರುವ ಮೀಟರುಗಳು ಏನು ಹೇಳುತ್ತವೋ ಅದು ಗುರುವಾರ ಗೊತ್ತಾಗುತ್ತದೆ, ಶುಕ್ರವಾರ ಕಥೆಯ ಜಾತಕ ತಿದ್ದಬೇಕು. ನಾಯಕಿ ಅತ್ತಾಗ ರೇಟಿಂಗ್ ಏರಿದ್ದರೆ ಅವಳು ನಕ್ಕ ದಿನವೇ ಅವಳ ಗಂಡನಿಗೆ ಮರೆವು ಬರುತ್ತದೆ. ಹೀಗೆ ಬರೆಯುವವನ ಕೈಗೆ ಪಂಪನನ್ನು ಕೊಟ್ಟರೂ ಮೂರನೇ ವಾರಕ್ಕೆ ಅರ್ಜುನನಿಗೆ ಅವಳಿ ತಮ್ಮ ಹುಟ್ಟುತ್ತಾನೆ.

ಸೂಪರ್‌ಹೀರೊ ಆದರೆ ಕಷ್ಟ ಇನ್ನೂ ಹೆಚ್ಚು. ಹಾರುವುದಕ್ಕೆ ದುಡ್ಡು ಬೇಕು. ಬೆಂಕಿಯುಂಡೆ, ಹೆಡೆ, ಮಿಂಚು, ಎಲ್ಲವೂ ಗ್ರಾಫಿಕ್ಸ್‌ನವನ ಬಿಲ್ಲಿನ ಮೇಲೆ ನಿಂತಿವೆ. ಆದ್ದರಿಂದ ಜಗತ್ತಿನ ಯಾವ ಮೂಲೆಯ ಟೀವಿ ಸೂಪರ್‌ಹೀರೊ ಆದರೂ ಎರಡು ಕಂತಿಗೊಮ್ಮೆ ಶಕ್ತಿ ಕಳೆದುಕೊಳ್ಳುತ್ತಾನೆ, ಅಥವಾ ಶಕ್ತಿ ಇದ್ದೂ ಹಜಾರದಲ್ಲಿ ಕೂತು ತಂದೆಯ ಬಗ್ಗೆ ದುಃಖದಿಂದ ಮಾತಾಡುತ್ತಾನೆ. ಮಾತು ಅಗ್ಗ. ನಾಗಲೋಕದ ಯುದ್ಧ ಪ್ರೋಮೊದಲ್ಲಿ ಹತ್ತು ಸೆಕೆಂಡ್. ಕಂತಿನಲ್ಲಿ ಅದರ ಬಗ್ಗೆ ಅತ್ತೆ ಮತ್ತು ಚಿಕ್ಕತ್ತೆಯರ ನಡುವೆ ಇಪ್ಪತ್ತು ನಿಮಿಷದ ಚರ್ಚೆ.

ಇಷ್ಟಾದರೂ ನನ್ನ ದೂರು ಕಥೆ ಮೊದಲೇ ಗೊತ್ತಾಗುತ್ತದೆ ಎಂಬುದಲ್ಲ. ಗೊತ್ತಿರುವ ಕಥೆಗೆ ನಿದ್ದೆಗೆಡುವುದು ಈ ಸೀಮೆಯವರ ಹುಟ್ಟುಗುಣ. ಬೇಸಿಗೆ ಬಂದರೆ ರಾಮನಗರ, ಚನ್ನಪಟ್ಟಣ, ಮಾಗಡಿಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಏಳುತ್ತದೆ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು. ಪಾತ್ರಕ್ಕೆ ಇಂತಿಷ್ಟು ಎಂದು ಮಾಡುವವನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಸೋಲುವವನ ಪಾತ್ರಕ್ಕೆ ಎಲ್ಲರಿಗಿಂತ ಹೆಚ್ಚು ದುಡ್ಡು ಕೊಟ್ಟು, ಹೊಲದ ಕೆಲಸ ಬಿಟ್ಟು, ಕಂದ ಪದ್ಯ ಬಾಯಿಪಾಠ ಮಾಡಿ, ಬೆಳಗಿನ ಜಾವ ತೊಡೆ ಮುರಿಸಿಕೊಳ್ಳಲು ಒಬ್ಬ ಮನುಷ್ಯ ತಯಾರಾಗುತ್ತಾನೆ. ಭೀಮ ಅವನ ತೊಡೆ ಮುರಿಯುತ್ತಾನೆ ಎಂಬುದು ಪೆಂಡಾಲಿನ ಮುಂದೆ ಚಾಪೆ ಹಾಸಿ ಮಲಗಿರುವ ಕೂಸಿಗೂ ಗೊತ್ತು. ಆದರೂ ಜನ ಕೂತೇ ಇರುತ್ತಾರೆ, ಏಕೆಂದರೆ ಅವರು ಕಾಯುತ್ತಿರುವುದು ಏನಾಗುತ್ತದೆ ಎಂಬುದಕ್ಕಲ್ಲ, ಈ ಸಲ ಇವನ ಗಂಟಲು ಆ ಪದ್ಯದ ತುದಿ ಮುಟ್ಟುತ್ತದೆಯೋ ಇಲ್ಲವೋ ಎಂಬುದಕ್ಕೆ. ಮುಟ್ಟಿದರೆ ನೋಟಿನ ಹಾರ ಬೀಳುತ್ತದೆ. ಬಾಣ ತಿಂದು ನೆಲಕ್ಕುರುಳಿದ ಕರ್ಣ "ಒನ್ಸ್‌ಮೋರ್" ಕೂಗಿಗೆ ಮೈಕೊಡವಿ ಎದ್ದು, ಅದೇ ಪದ್ಯ ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸತ್ತ ಕಥೆ ಒಂದೊಂದು ಊರಲ್ಲೂ ಒಂದೊಂದಿದೆ. ಸತ್ತವನು ಏಳುವುದೇ ಆದರೆ ಹೀಗೆ ಏಳಬೇಕು. ಜನ ಕೇಳಿದರು, ಎದ್ದ. ಮಂಡಿನೋವಿನ ಎಣ್ಣೆ ಮಾರುವುದಕ್ಕೆ ಎದ್ದವನಲ್ಲ.

ಧಾರಾವಾಹಿಯ ಅಪರಾಧ ಬೇರೆ. ಅದಕ್ಕೂ ಗೊತ್ತು, ನಮಗೂ ಗೊತ್ತು. ಆದರೆ ತನಗೆ ಗೊತ್ತಿಲ್ಲ ಎಂದು ಅದು, ನಮಗೂ ಗೊತ್ತಿಲ್ಲ ಎಂದು ನಾವು, ದಿನಾ ಅರ್ಧ ಗಂಟೆ ನಟಿಸಬೇಕು. ನಟನೆಗೆ ದುಡ್ಡು ಅವರಿಗೆ ಮಾತ್ರ ಬರುತ್ತದೆ.

ಕೊನೆಗೆ ಪೊಲೀಸರು ಬರುವುದು ಭಾರತೀಯ ಪರದೆಯ ಎಲ್ಲಕ್ಕಿಂತ ಸವೆದ ತಿರುವು. ಅದರ ಅತ್ಯಂತ ಪ್ರಸಿದ್ಧ ನಮೂನೆ ತಯಾರಾದದ್ದು ನಮ್ಮ ಬಂಡೆಗಳ ನಡುವೆಯೇ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿ ರಾಮನಗರಕ್ಕೆ ಬಂದು, ರಾಮಗಢ ಎಂಬ ಊರು ಕಟ್ಟಿ 'ಶೋಲೆ' ಶುರು ಮಾಡಿದರು. ಅವರು ಮೊದಲು ತೆಗೆದ ಕೊನೆಯಲ್ಲಿ ಕೈಗಳಿಲ್ಲದ ಠಾಕೂರ್ ಮೊಳೆ ಬಡಿದ ಬೂಟಿನಿಂದ ತುಳಿದು ಗಬ್ಬರ್‌ನನ್ನು ಕೊಲ್ಲುತ್ತಾನೆ. ಅಷ್ಟರಲ್ಲಿ 1975ರ ಜೂನ್ 25 ಬಂತು, ತುರ್ತು ಪರಿಸ್ಥಿತಿ. ಒಬ್ಬ ಮಾಜಿ ಪೊಲೀಸ್ ಅಧಿಕಾರಿ ಕಾನೂನನ್ನು ಕಾಲಿಗೆ ತೆಗೆದುಕೊಳ್ಳುವುದು ಸೆನ್ಸಾರಿಗೆ ಸರಿ ಕಾಣಲಿಲ್ಲ. ಚಿತ್ರತಂಡ ಕೊನೆಯನ್ನು ಮತ್ತೆ ಚಿತ್ರೀಕರಿಸಿತು. ಪೊಲೀಸರು ಸರಿಯಾದ ಹೊತ್ತಿಗೆ ಬಂದರು. ಆಗಸ್ಟ್ 15ಕ್ಕೆ ಸಿನಿಮಾ ಬಿಡುಗಡೆಯಾಯಿತು. ಮೂಲ ಅಂತ್ಯವಿರುವ ಪ್ರತಿಯನ್ನು ಐವತ್ತು ವರ್ಷದ ಮೇಲೆ, 2025ರ ಜೂನಿನಲ್ಲಿ, ಇಟಲಿಯ ಬೊಲೊನ್ಯದಲ್ಲಿ ತೋರಿಸಿದರು. ಯಾರ ತಲೆಗೂ ಹೊಳೆಯದಷ್ಟು ಸಪ್ಪೆಯಾದ ತಿರುವು ಬೇಕಿದ್ದರೆ ಅದನ್ನು ಬರೆಯಲು ಸರ್ಕಾರವೇ ಬೇಕು.

ಆ ವಿದ್ಯೆ ಇಲ್ಲಿ ಬೇರೂರಿತು. 2024ರ ಚನ್ನಪಟ್ಟಣ ಉಪಚುನಾವಣೆಯನ್ನೇ ನೋಡಿ, ಎರಡೂ ಕಡೆ ಸಿನಿಮಾ ನಾಯಕರು. ಒಂದು ಕಡೆ 2016ರ 'ಜಾಗ್ವಾರ್'ನಲ್ಲಿ ಮುಖವಾಡ ತೊಟ್ಟು ದುಷ್ಟರನ್ನು ಸದೆಬಡಿದ, 2019ರ 'ಕುರುಕ್ಷೇತ್ರ' ಸಿನಿಮಾದಲ್ಲಿ ಅಭಿಮನ್ಯುವಾಗಿದ್ದ ನಿಖಿಲ್ ಕುಮಾರಸ್ವಾಮಿ. ಇನ್ನೊಂದು ಕಡೆ 2002ರ 'ಸೈನಿಕ'ದ ನಾಯಕ ಸಿ.ಪಿ. ಯೋಗೇಶ್ವರ್. 1999ರಿಂದ ಪಕ್ಷೇತರ, ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ, ಮತ್ತೆ ಕಾಂಗ್ರೆಸ್, ಮತ್ತೆ ಬಿಜೆಪಿ ಎಂದು ವೇಷ ಬದಲಿಸಿದ್ದ ಅವರು ಅಕ್ಟೋಬರಿನಲ್ಲಿ ಮತ್ತೆ ಕಾಂಗ್ರೆಸ್ಸಿಗೆ ಬಂದರು. ವಾಹಿನಿಗಳು "ರೋಚಕ ತಿರುವು" ಎಂದು ಕೆಂಪು ಅಕ್ಷರದಲ್ಲಿ ಕಿರುಚಿದವು. ಗೊಂಬೆ ಅಂಗಡಿಯವನಿಂದ ಹಿಡಿದು ಚಹಾದವನವರೆಗೆ ಚನ್ನಪಟ್ಟಣದಲ್ಲಿ ಬೆಚ್ಚಿದವರು ಒಬ್ಬರೂ ಸಿಗಲಿಲ್ಲ. ಅಭಿಮನ್ಯು 25 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತ. 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, ಈಗ ಇದು, ಮೂರನೆಯ ವ್ಯೂಹ. ವ್ಯಾಸರು ಅವನಿಗೆ ಒಂದೇ ಕೊಟ್ಟಿದ್ದರು.

ನನಗೆ ನಿಜವಾಗಿ ಬೆಚ್ಚುವಂತಾದದ್ದು 2025ರ ಅಕ್ಟೋಬರ್ 7ರ ಸಂಜೆ. ಬಿಡದಿಯ ಜಾಲಿವುಡ್ ಸ್ಟುಡಿಯೊದಲ್ಲಿ 'ಬಿಗ್ ಬಾಸ್' ಕನ್ನಡದ ಹನ್ನೆರಡನೇ ಸೀಸನ್ ನಡೆಯುತ್ತಿತ್ತು. ಅನುಮತಿ ಪಡೆದಿಲ್ಲ, ಕೊಳಚೆ ನೀರನ್ನು ಸಂಸ್ಕರಿಸದೆ ಬಿಡುತ್ತಿದ್ದಾರೆ ಎಂಬ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸಿನ ಬೆನ್ನಿಗೆ ಅಧಿಕಾರಿಗಳು ಬಂದು ಗೇಟಿಗೆ ಬೀಗ ಹಾಕಿ ಸೀಲ್ ಒತ್ತಿದರು. ಹೊರಗಿನ ಲೋಕವೇ ಗೊತ್ತಾಗಬಾರದು ಎಂದು ಒಳಗೆ ಕೂಡಿಹಾಕಿದ್ದ ಸ್ಪರ್ಧಿಗಳನ್ನು ಹೊರಗೆ ತಂದು ರೆಸಾರ್ಟಿಗೆ ಸಾಗಿಸಿದರು. ಇಷ್ಟು ವರ್ಷದಲ್ಲಿ ಕನ್ನಡ ಟೀವಿಯಲ್ಲಿ ಯಾರೂ ಊಹಿಸದೆ ನಡೆದ ತಿರುವು ಇದೊಂದೇ, ಬರೆದವರು ಪರಿಸರ ಅಧಿಕಾರಿಗಳು. ಅಜ್ಜಿ ಅಂದು ಮೊದಲ ಸಲ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಟೀವಿಯ ಕಡೆ ತಿರುಗಿದರು. ಒಂದು ನಿಮಿಷ ನೋಡಿ, ಮತ್ತೆ ಮೊರ ಎಳೆದುಕೊಂಡರು. "ಎಲ್ಡ್ ದಿನ. ತಗೀತಾರೆ ಬುಡು."

ಬುಧವಾರ ರಾತ್ರಿ ಕನಕಪುರದ ಶಾಸಕರೂ ಉಪಮುಖ್ಯಮಂತ್ರಿಯೂ ಆದ ಡಿ.ಕೆ. ಶಿವಕುಮಾರ್ ಸೀಲ್ ತೆರೆಯುವಂತೆ ಜಿಲ್ಲಾಧಿಕಾರಿಗೆ ಸೂಚಿಸಿರುವುದಾಗಿ ಎಕ್ಸ್‌ನಲ್ಲಿ ಬರೆದರು. ಗುರುವಾರ ಬೆಳಕು ಹರಿಯುವ ಮೊದಲೇ ಬೀಗ ಬಿಚ್ಚಿತು. ಕಾರ್ಯಕ್ರಮದ ನಿರೂಪಕ ಸುದೀಪ್ ಧನ್ಯವಾದ ಹೇಳಿದರು. ಅದೇ ವರ್ಷದ ಮಾರ್ಚಿನಲ್ಲಿ ಸಿನಿಮಾದವರ ನಟ್ಟು ಬೋಲ್ಟು ಟೈಟ್ ಮಾಡುವುದು ಗೊತ್ತು ಎಂದಿದ್ದವರು ಇದೇ ಉಪಮುಖ್ಯಮಂತ್ರಿಗಳು; ಸಡಿಲ ಮಾಡುವುದೂ ಗೊತ್ತು ಎಂದು ಈಗ ತಿಳಿಯಿತು. ಬೀಗ ಬಿದ್ದದ್ದೂ ಬಿಗ್ ಬಾಸ್‌ನವರದ್ದೇ ಆಟವಿರಬೇಕು ಎಂದು ಮೊಮ್ಮಗ ಹಟ ಹಿಡಿದಿದ್ದಾನೆ. ತಿರುವುಗಳನ್ನು ತಿನ್ನುತ್ತ ಬೆಳೆದ ಹುಡುಗನಿಗೆ ಕಾನೂನನ್ನೂ ಪ್ರೋಮೊ ಎಂದು ನೋಡುವ ಕಣ್ಣು ಬಂದುಬಿಟ್ಟಿದೆ. ಅವನನ್ನು ಅನ್ನುವ ಹಾಗಿಲ್ಲ.

ಈ ಕಥೆಯಲ್ಲಿ ಒಂದು ಪಾತ್ರವನ್ನು ನಡುವೆಯೇ ಕೈಬಿಟ್ಟರು: ಕೊಳಚೆ ನೀರು. ಬೀಗ ತೆಗೆದ ಸುದ್ದಿಯ ಸಂಭ್ರಮದಲ್ಲಿ ಅದು ಯಾವ ಕಡೆ ಹರಿಯಿತು ಎಂದು ಯಾವ ನಿರೂಪಕನೂ ಕೇಳಲಿಲ್ಲ. ಬಿಡದಿಯವರಿಗೆ ಅದರ ಪರಿಚಯ ಹಳೆಯದು. ಬೆಂಗಳೂರಿನ ಕೊಳೆ ಹೊತ್ತು ಬರುವ ವೃಷಭಾವತಿ ಭೈರಮಂಗಲದ ಕೆರೆಯನ್ನು ನೊರೆಯಿಂದ ತುಂಬಿಸುತ್ತದೆ, ಮುಂದೆ ಅರ್ಕಾವತಿಗೆ ಸೇರುತ್ತದೆ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ. ಸಾಬೂನಿನ ನೊರೆ ಹೊಲದ ಬದುವಿಗೆ ಬಂದು ಕೂತಿರುವ ಕಥೆ ಇದು. ಖಳ ಯಾರು ಎಂಬ ಗುಟ್ಟಿಲ್ಲ, ವಿಳಾಸವೂ ಗೊತ್ತು, ಶೀರ್ಷಿಕೆಯಲ್ಲೇ ಬರೆದಿದೆ. ಗಂಡನಿಗೊಬ್ಬನಿಗೆ ಗೊತ್ತಿಲ್ಲ.

ಈಗ ಅದೇ ಭೈರಮಂಗಲದ ಸುತ್ತಲ ಹಳ್ಳಿಗಳಲ್ಲಿ ಬಿಡದಿ ಟೌನ್‌ಶಿಪ್ ಎದ್ದಿದೆ, ಅಂದರೆ ಕಾಗದದ ಮೇಲೆ. ಮೊದಲ ಸೀಸನ್ 2006ರಲ್ಲಿ, ನಿಖಿಲ್ ಅವರ ತಂದೆ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ. ಎರಡನೆಯದು 2025ರಲ್ಲಿ, ಶಿವಕುಮಾರ್ ಅವರ ನಿರ್ದೇಶನದಲ್ಲಿ. ಅಂದು ಕಥೆ ಬರೆದವರು ಇಂದು ರೈತರ ಪರವಾಗಿ ವಿರೋಧಿಸುತ್ತಾರೆ, ಇಂದು ತೆಗೆಯುತ್ತಿರುವವರು ಕಥೆ ಅವರದೇ ಎನ್ನುತ್ತಾರೆ. ರೈತರು ಹಸಿರು ಶಾಲು ಹೊದ್ದು ಧರಣಿ ಕೂತಿದ್ದಾರೆ. ಇಲ್ಲಿ ಗಾಲಿಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂದು ಹುಡುಕುವುದು ಓದುಗರಿಗೆ ಬಿಟ್ಟದ್ದು.

2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಲು ಒಪ್ಪಿತು. 2007ರಲ್ಲಿ ಹುಟ್ಟಿದ ಜಿಲ್ಲೆ, ಹದಿನೆಂಟು ತುಂಬುವ ಹೊತ್ತಿಗೆ ಪಟ್ಟಿ ಬಿಚ್ಚಿ ಕನ್ನಡಿ ನೋಡಿಕೊಂಡಿತು. ಕೊಳಚೆ ಕಳಿಸುವವನ ಹೆಸರನ್ನೇ ಮನೆ ಬಾಗಿಲಿಗೆ ಬರೆಸಿಕೊಂಡ ಮೇಲೆ ಭೂಮಿ ಬೆಲೆ ಏರುತ್ತದೆ ಎಂದು ಕೆಲವರು ಖುಷಿಯಲ್ಲಿದ್ದಾರೆ, ಕೆಲವರು ರಾಮನ ಹೆಸರು ಹೋಯಿತೆಂದು ಕೋಪದಲ್ಲಿದ್ದಾರೆ, ವಾಹಿನಿಗಳಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ಅರ್ಧ ಗಂಟೆ ಮಾತಾಡಿಸಿದರು. ಸೊಸೆ ಸುದ್ದಿಯನ್ನು ಜೋರಾಗಿ ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು.

"ಪಾಣೀಲೂ ಬದ್ಲಾಯಿಸ್ಬೇಕಾ? ಅದ್ಕೆ ಎಷ್ಟ್ ದಿನ ಓಡಾಡುಸ್ತಾರಂತೆ, ಕೇಳವ್ವ ಅವ್ರುನ್ನ."